ಗಂಗವ್ವನ ಕೈಗೆ ಸಿಗದ ತಲೆ

ಮನುಷ್ಯನಿಗೆ ತನ್ನ ಮುಖ ಹೇಗಿದೆಯೆಂದು ಗೊತ್ತಿರುತ್ತದೆ, ತಲೆ ಹೇಗಿದೆಯೆಂದು ಗೊತ್ತಿರುವುದಿಲ್ಲ. ಕನ್ನಡಿ ಎದುರಿಗಿರುವುದನ್ನಷ್ಟೇ ತೋರಿಸುತ್ತದೆ. ಹಿಂದಿನದು, ಬದಿಯದು, ಮೇಲಿನದು ಎಲ್ಲ ಕ್ಷೌರ ಮಾಡುವವನ ಪಾಲು. ಅವನು ಊರಿನವರೆಲ್ಲರ ಸುದ್ದಿ ಹೇಳುತ್ತಾನೆಯೇ ಹೊರತು ನಮ್ಮ ತಲೆಯ ಸುದ್ದಿ ನಮಗೆ ಹೇಳುವುದಿಲ್ಲ. ಪ್ಲೇಗಿನ ವರ್ಷ ಹುಟ್ಟಿದ ನಾನು ಇಪ್ಪತ್ತೆಂಟು ವರ್ಷ ಈ ತಲೆಯನ್ನು ಹೊತ್ತುಕೊಂಡು ತಿರುಗಿದೆ. ಅದರ ಮೇಲೆ ನನಗಿದ್ದ ತಕರಾರು ಒಂದೇ, ಪಟಕಾ ನೆಟ್ಟಗೆ ಕೂಡುತ್ತಿರಲಿಲ್ಲ. ಎಷ್ಟು ಬಿಗಿಯಾಗಿ ಸುತ್ತಿದರೂ ಕಚೇರಿ ಮುಟ್ಟುವಷ್ಟರಲ್ಲಿ ಅದು ಹಿಂದಕ್ಕೆ ಜಾರಿ ಕುತ್ತಿಗೆಯ ಮೇಲೆ ಕುಳಿತುಬಿಡುತ್ತಿತ್ತು. ನಾನು ಬಟ್ಟೆಯನ್ನು ಬೈಯುತ್ತಿದ್ದೆ, ಗಂಜಿ ಹಾಕಿದ ಅಗಸನನ್ನು ಬೈಯುತ್ತಿದ್ದೆ, ಆ ಬಟ್ಟೆಯನ್ನು ತಮ್ಮ ಅಂಗಡಿಯಿಂದ ಉಡುಗೊರೆ ಕೊಟ್ಟ ಮಾವನವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ತಲೆಯ ಮೇಲೆ ಮಾತ್ರ ನನಗೆ ಸಂಶಯ ಬರಲಿಲ್ಲ. ತಲೆಯೊಳಗಿನ ಬುದ್ಧಿಯ ಬಗ್ಗೆ ಜಂಬ ಪಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಬುದ್ಧಿಯ ಗೊಡವೆಗೇ ಹೋಗದೆ ಬರೀ ಬುರುಡೆಯ ಅಳತೆಯ ಮೇಲೆ ಜಂಬಪಟ್ಟವನನ್ನು ನೋಡಬೇಕಿದ್ದರೆ ನನ್ನ ಬಳಿ ಬರಬೇಕು. ಆ ಜಂಬ ಒಂದೂವರೆ ತಿಂಗಳು ಬಾಳಿತು. ಅಷ್ಟರಲ್ಲೇ ಅದು ಒಬ್ಬ ಮುದುಕಿಯ ಅನ್ನಕ್ಕೆ ಕಲ್ಲು ಹಾಕಿತ್ತು. ಅದನ್ನು ಒಪ್ಪಿಕೊಂಡು ಹಗುರಾಗೋಣವೆಂದು ಕೂತಿದ್ದೇನೆ.

ಇದಕ್ಕೆಲ್ಲ ಮೂಲ ಒಬ್ಬ ಪ್ರೊಫೆಸರರು. ಮೈಸೂರು ಸೀಮೆಯವರು, ಮುಂಬಯಿಯಲ್ಲಿ ಓದಿದವರು, ವಿಲಾಯತಿ ನೋಡಿ ಬಂದವರು. ಮನುಷ್ಯಕುಲ ಎಲ್ಲಿಂದ ಬಂತು, ಹೇಗೆ ಬೇರೆ ಬೇರೆಯಾಯಿತು ಎಂಬುದು ಅವರ ಅಭ್ಯಾಸದ ವಿಷಯ. ಅದಕ್ಕಾಗಿ ಊರೂರು ತಿರುಗಿ ಜನರ ತಲೆ, ಮೂಗು, ದವಡೆ ಅಳೆಯುತ್ತ ಬೆಳಗಾವಿಗೆ ಬಂದಿದ್ದರು. ನಾನು ಇಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಅಕ್ಷರ ಚೆನ್ನಾಗಿದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಅವರ ಲೆಕ್ಕ ಬರೆದುಕೊಳ್ಳಲು ಕಳಿಸಿದರು. ಪ್ರೊಫೆಸರರ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿಸಿದ ಒಂದು ಉಕ್ಕಿನ ಇಕ್ಕಳವಿತ್ತು, ಅದರ ಕಾಲುಗಳೆರಡೂ ಬಾಗಿದ್ದವು. ಆ ಕಾಲುಗಳ ತುದಿಯನ್ನು ತಲೆಯ ಎರಡೂ ಬದಿಗೆ ತಾಗಿಸಿದರೆ ಅಗಲ ಸಿಗುತ್ತದೆ, ಹುಬ್ಬಿನ ನಡುವೆ ಒಂದು ಹಿಂದಲೆಗೆ ಒಂದು ತಾಗಿಸಿದರೆ ಉದ್ದ. ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಬೇಕು. ಬಂದದ್ದು ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಉದ್ದ ತಲೆ, ಎಂಬತ್ತಕ್ಕಿಂತ ಹೆಚ್ಚಾದರೆ ದುಂಡು ತಲೆ. ತಲೆಯ ಆಕಾರ ಅಪ್ಪನಿಂದ ಮಗನಿಗೆ ಕೆಡದೆ ಇಳಿದು ಬರುತ್ತದೆ, ಆದ್ದರಿಂದ ತಲೆ ಅಳೆದರೆ ಆ ವಂಶದ ಮೂಲಪುರುಷ ಯಾವ ದಿಕ್ಕಿನಿಂದ ಬಂದನೆಂದು ಹೇಳಬಹುದು ಎಂದು ಆ ವಿದ್ಯೆಯವರು ನಂಬಿದ್ದರು. ಪ್ರೊಫೆಸರರು ಒಳ್ಳೆಯ ಮನುಷ್ಯರು. ಯಾರ ತಲೆ ಮುಟ್ಟುವ ಮುಂಚೆಯೂ ಇಕ್ಕಳ ತಣ್ಣಗಿದ್ದೀತೆಂದು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಆದರೆ ನಮ್ಮ ಕಡೆ ಗಂಡಸಿನ ತಲೆ ಸಿಗುವುದು ಅಷ್ಟು ಸುಲಭವೇ? ನಾಲ್ಕು ಜನರ ನಡುವೆ ಬರಿದಲೆಯಲ್ಲಿ ನಿಂತವನೆಂದರೆ ಮನೆಯಲ್ಲಿ ಸಾವಾದವನು ಎಂದೇ ಲೆಕ್ಕ. ಪ್ರೊಫೆಸರರು ಒಂದು ಸಾಲೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಎರಡು ದಿನ ಕೂತರು. "ಸ್ವಾಮಿ, ಸ್ವಲ್ಪ ಪೇಟ ತೆಗೀತೀರಾ?" ಎಂದು ಮೈಸೂರಿನ ಮೆದು ಮಾತಿನಲ್ಲಿ ಕೇಳುವರು. "ಯಾಕ್ರೀ? ನಮ್ಮಪ್ಪ ಇನ್ನಾ ಗಟ್ಟಿ ಅದಾನ್ರೀ!" ಎಂದು ಒಬ್ಬ ಸಿಟ್ಟಿನಿಂದ ಎದ್ದು ಹೋದ. ಇನ್ನೊಬ್ಬ ಮೂಗು ಅಳೆಯಲು ಕೊಟ್ಟ, ಕಿವಿ ಕೊಟ್ಟ, ಕೊನೆಗೆ ಹಲ್ಲು ಸಹ ಎಣಿಸಲು ಬಿಟ್ಟ; ಪಟಕಾದ ಮಾತು ಬಂದಾಗ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡು ಓಡಿದ. ಮೂರನೆಯ ದಿನ ಪ್ರೊಫೆಸರರು, "ಮೊದಲು ನೀವೇ ಅಳೆಸಿಕೊಳ್ಳಿ, ನೋಡಿದವರಿಗೆ ಧೈರ್ಯ ಬರುತ್ತೆ" ಎಂದರು. ಸರಕಾರದ ಅನ್ನ ತಿನ್ನುವವನು, ಪಟಕಾ ತೆಗೆದೆ. ಅದೇ ಹೊತ್ತಿಗೆ ನಮ್ಮ ಓಣಿಯ ಪಾಯಪ್ಪ ಆ ದಾರಿಯಲ್ಲಿ ಬರಬೇಕೆ! ನಾನು ಬರಿದಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದೇನೆ, ಯಾರೋ ದೊಡ್ಡ ಮನುಷ್ಯರು ಎರಡೂ ಕೈಯಿಂದ ನನ್ನ ತಲೆ ಹಿಡಿದು ನಿಂತಿದ್ದಾರೆ. ಅವನು ಒಂದು ಮಾತೂ ಕೇಳದೆ ನೇರ ನಮ್ಮ ಮನೆಗೆ ಸಾವಿನ ಸಮಾಧಾನ ಹೇಳಲು ಹೋದ. ಬಾಗಿಲು ತೆಗೆದವಳು ಅವ್ವ. ಆ ಮನೆಯಲ್ಲಿ ಸಾಯಬಹುದಾದ ವಯಸ್ಸಿನವಳು ಅವಳೊಬ್ಬಳೇ. ಅವಳೇ ಎದುರಿಗೆ ನಿಂತು "ಏನಪಾ?" ಎಂದಾಗ ಅವನಿಗೆ ಏನೂ ತೋಚದೆ ಮಜ್ಜಿಗೆ ಕೇಳಿ, ಕುಡಿದು, ಬಾಯಿ ಒರೆಸಿಕೊಂಡು ಬಂದನಂತೆ. "ಪಾಯಪ್ಪಗ ಏನಾಗೇತೋ, ನನ್ನ ಮಾರಿ ನೋಡಿ ಗಡಗಡ ನಡಗಿದ" ಎಂದು ಸಂಜೆ ಅವ್ವ ಹೇಳಿದಳು.

ನನಗೆ ಅವಳ ಮಾತು ಕೇಳುವ ಪುರಸೊತ್ತಿರಲಿಲ್ಲ. ಏಕೆಂದರೆ ಅವತ್ತು ನನ್ನ ತಲೆ ಎಪ್ಪತ್ತೆರಡು ಬಂದಿತ್ತು. ಪ್ರೊಫೆಸರರು ಎರಡು ಸಲ ಅಳೆದು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಅಳೆದು, "ಎಂಥ ಉದ್ದ ತಲೆ ಸ್ವಾಮಿ ನಿಮ್ಮದು! ಬಹಳ ಪ್ರಾಚೀನವಾದ ಒಂದು ಕುಲದ ಗುರುತಿದು, ಇರಬಹುದು" ಎಂದಿದ್ದರು. ಕೊನೆಯ "ಇರಬಹುದು" ಅನ್ನು ನನ್ನ ಕಿವಿ ಆ ಜಗಲಿಯ ಮೇಲೆಯೇ ಬಿಟ್ಟು ಉಳಿದದ್ದನ್ನು ಮನೆಗೆ ತಂದಿತ್ತು. ಆ ದಿನದಿಂದ ನನಗೊಬ್ಬ ಮೂಲಪುರುಷ ಸಿಕ್ಕ. ಉತ್ತರದ ಯಾವುದೋ ಬೆಟ್ಟದ ಸಾಲು ದಾಟಿ, ಉದ್ದ ತಲೆ ಎತ್ತಿಕೊಂಡು ನಡೆದು ಬರುತ್ತಿದ್ದ. ಪಾಪ, ಎಷ್ಟು ದೂರ ನಡೆದಾನೆಂದು ಮರುದಿನ ಅವನಿಗೊಂದು ಕುದುರೆ ಕೊಟ್ಟೆ. ಕುದುರೆಯ ಮೇಲೆ ಬರಿಗೈಯಲ್ಲಿ ಕೂತರೆ ಚೆನ್ನಲ್ಲವೆಂದು ಒಂದು ಕತ್ತಿ ಕೊಟ್ಟೆ. ನಾವು ಜೈನರು, ಕತ್ತಿಯ ವಿಷಯ ಮನಸ್ಸಿಗೆ ಹತ್ತಲಿಲ್ಲ, ಅದನ್ನು ಕಸಿದುಕೊಂಡು ಒಂದು ತಾಳೆಗರಿಯ ಕಟ್ಟು ಕೊಟ್ಟೆ. ಕಚೇರಿಯಲ್ಲಿ ಜೊತೆಯ ಕಾರಕೂನರು ಬಾಗಿ ಬರೆಯುವಾಗ ಅವರ ತಲೆಗಳನ್ನು ಮೇಲಿನಿಂದ ನೋಡಿ ಮರುಗುತ್ತಿದ್ದೆ. ಅವ್ವನಿಗೂ ಹೇಳಿದೆ, "ಅವ್ವಾ, ನನ್ನ ತಲಿ ಸಾವಿರಾರು ವರ್ಷದ್ದಂತ." ಅಕ್ಕಿ ಆರಿಸುತ್ತಿದ್ದ ಅವಳು ಕೈ ನಿಲ್ಲಿಸಿ ನನ್ನ ತಲೆಯನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, "ಇರಲೇಳು, ನಿನಗ ಚಲೋ ಅನಿಸಿದ್ರ ಆತು" ಎಂದು ಮತ್ತೆ ಕಲ್ಲು ಹುಡುಕತೊಡಗಿದಳು. ಹಳೆಯ ಕಾಲದವಳು, ಅವಳಿಗೇನು ಗೊತ್ತಾಗಬೇಕು ಎಂದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಕೆಟ್ಟದ್ದೇನೂ ಆಗುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ನನ್ನ ಹೆಂಡತಿ ಸುಮತಿ ಖಾನಾಪುರದ ತವರಿನಲ್ಲಿ ಹೆತ್ತಳು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ ಎಂದು ಮಾವನವರ ಕಾಗದ ಬಂತು. ಕೊನೆಯಲ್ಲಿ ಒಂದು ಸಾಲು: "ನಾಳೆಯಿಂದ ಗಂಗವ್ವ ಎರೆಯಲು ಬರುತ್ತಾಳೆ." ಗಂಗವ್ವ ಯಾರೆಂದು ಸುಮತಿಯ ಬಾಯಲ್ಲಿ ನೂರು ಸಲ ಕೇಳಿದ್ದೆ. ಖಾನಾಪುರದ ಕುಂಬಾರ ಓಣಿಯವಳು, ಪೇಟೆಯ ಕೂಸುಗಳಿಗೆಲ್ಲ ಎರೆಯುವವಳು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಔಡಲೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆದು, ಮೂಗು ತೀಡಿ, ತಲೆಯನ್ನು ನಾಲ್ಕೂ ಕಡೆಯಿಂದ ಒತ್ತಿ ಒತ್ತಿ ದುಂಡಗೆ ಮಾಡುವಳಂತೆ. ದುಂಡಗೆ! ಬೆಟ್ಟ ದಾಟಿ, ನದಿ ದಾಟಿ, ಕುದುರೆಯ ಮೇಲೆ ಇಷ್ಟು ದೂರ ಬಂದ ತಲೆ ಖಾನಾಪುರದ ಒಂದು ಬಚ್ಚಲಲ್ಲಿ ಹಾಳಾಗುವುದೇ? ತಡಮಾಡದೆ ಕಚೇರಿಯ ಕಾಗದದ ಮೇಲೆ ಕಚೇರಿಯ ಭಾಷೆಯಲ್ಲೇ ಬರೆದೆ: "ತಮಗೆ ತಿಳಿಸುವುದೇನೆಂದರೆ, ಕೂಸಿನ ತಲೆಯನ್ನು ಯಾರೂ ಒತ್ತತಕ್ಕದ್ದಲ್ಲ, ತೀಡತಕ್ಕದ್ದಲ್ಲ. ಇದು ಸರಕಾರದಿಂದ ನಡೆದಿರುವ ಅಳತೆಗೆ ಸಂಬಂಧಪಟ್ಟದ್ದು. ಗಂಗವ್ವನನ್ನು ಕೂಡಲೇ ಬಿಡಿಸತಕ್ಕದ್ದು." ಸರಕಾರದ ಹೆಸರೇಕೆ ತಂದೆನೆಂದು ಕೇಳಬೇಡಿ. ಬರೀ ಅಳಿಯನ ಮಾತಾದರೆ ಅತ್ತೆಯವರು ಕೇಳುವುದಿಲ್ಲ ಎಂಬ ಅನುಭವ ನನಗಿತ್ತು.

ರಜೆ ಸಿಗದೆ ತೊಟ್ಟಿಲ ಶಾಸ್ತ್ರವನ್ನು ಒಂದು ತಿಂಗಳಿಗೆ ಇಟ್ಟುಕೊಂಡೆವು. ಖಾನಾಪುರದ ಸಂತೆಯಲ್ಲಿ ತಲೆಗಳು ಹೇರಳ ಎಂದು ಹೇಳಿ ನಾನೇ ಪ್ರೊಫೆಸರರನ್ನು ಹುರಿದುಂಬಿಸಿದ್ದರಿಂದ ಅವರೂ ಹೊರಟರು. ಅವ್ವ, ನಾನು, ಪ್ರೊಫೆಸರರು ಮತ್ತು ಇಕ್ಕಳದ ಪೆಟ್ಟಿಗೆ ರೈಲಿನಲ್ಲಿ ಹೋಗಿ ಇಳಿದೆವು. ಮಾವನವರ ಮನೆಯ ಹೊಸ್ತಿಲು ದಾಟುವ ಮೊದಲೇ ಮಗಳ ದನಿ ಕೇಳಿಸಿತು. ನನ್ನ ಕಚೇರಿಯ ಹಿರಿಯ ಸಾಹೇಬರಿಗೂ ಅಂಥ ಗಂಟಲಿಲ್ಲ. ಅತ್ತೆಯವರು ನೀರು ತಂದಿಟ್ಟರು, "ಬರ್ರಿ, ಕುಂದರ್ರಿ" ಎಂದರು, ಅಷ್ಟೇ. ಮುಖ ಬೇರೆ ಕಡೆ ಇತ್ತು. ಕೋಣೆಗೆ ಹೋದೆ. ಸುಮತಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕಣ್ಣು ಬಾಡಿದ್ದವು. ನಾನು ಮಗಳ ತಲೆಯನ್ನು ಎಲ್ಲ ಕಡೆಯಿಂದ ನೋಡಿ, "ಭೇಷ್" ಎಂದೆ.

"ಏನ್ ಭೇಷ್ ರೀ?" ಎಂದಳು ಸುಮತಿ. "ತಿಂಗಳಾತು ಹಿಂಗ ಒದರಾಕತ್ತೈತಿ ಇದು. ನಮ್ಮವ್ವನ ಕೈ ನಡಗತಾವ, ನನಗ ಎರಿಯಾಕ ಬರೂದಿಲ್ಲ. ಒದ್ದಿ ಅರಬಿ ತಗೊಂಡು ಮೈ ಒರಸತೀವಿ, ಅಷ್ಟ. ಗಂಗವ್ವ ಮೂರ ದಿನ ಎರದಿದ್ಲು, ಮೂರು ದಿನಾನೂ ಎರದಕೂಡ್ಲೆ ಹೊತ್ತ ಮುಣಗೂತನಕ ಮಲಗಿತ್ತು. ನಿಮ್ಮ ಕಾಗದಾ ಬಂತು, ಅಪ್ಪಾರು ಅಂಗಡ್ಯಾಗ ದೊಡ್ಡ ದನೀಲೆ ಓದಿದ್ರು. ಬಂದ ಗಿರಾಕಿ ಎಲ್ಲಾ ಕೇಳಿದ್ರು. ಸರಕಾರ ಗಂಗವ್ವನ್ನ ಬಿಡಸೇತಿ ಅಂತ ಊರ ತುಂಬ ಆತು. ಈಗ ಯಾರೂ ಆಕೀನ್ನ ಕರಿಯೂದಿಲ್ಲ. ನಾಕ ಮನಿ ಕೂಸು ಎರಿಯೂದ ಬಿಟ್ಟ ಮನ್ಯಾಗ ಕುಂತಾಳ."

"ನಾ ಬರೀ ನಮ್ಮ ಕೂಸಿನ ತಲಿ ಸಲುವಾಗಿ..." ಎಂದೆ. "ಅಂಥಾ ತಲೀನ ಹಾಳ ಮಾಡಬಾರದಂತ."

ಸುಮತಿ ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡಿದಳು. "ನನ್ನ ತಲೀನೂ ಗಂಗವ್ವನ ಮಾಡಿದ್ದು. ಮೂರ ವರ್ಷ ಆತು ಮದಿವ್ಯಾಗಿ. ಹಾಳಾದ ತಲಿ ಅಂತ ಈಗ ಗೊತ್ತಾತೇನ್ರಿ ನಿಮಗ?"

ನಾನು ಹೊರಗೆ ಬಂದು ಪಟಕಾ ಸರಿಮಾಡಿಕೊಂಡು ಕೂತೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವ್ವ ನನ್ನನ್ನು ಒಂದು ಸಲ ನೋಡಿ ಒಳಗೆ ಹೋದಳು. ಮುದುಕಿಯೊಬ್ಬಳು ನನ್ನ ಒಂದು ಕಾಗದಕ್ಕೆ ಮನೆ ಹಿಡಿದು ಕೂತಿದ್ದಾಳೆಂಬುದು ಚೆನ್ನಾಗಿ ಕಾಣಲಿಲ್ಲ. ಆದರೂ ನಿಜ ಹೇಳಬೇಕೆಂದರೆ, ಕುದುರೆಯ ಮೇಲಿನವನನ್ನು ಆಗಲೂ ನಾನು ಕೆಳಗಿಳಿಸಲಿಲ್ಲ. ಸಂತೆ ಮುಗಿಸಿ ನೋಡೋಣ ಎಂದುಕೊಂಡೆ.

ಮರುದಿನ ಸಂತೆ. ಪಟಕಾದ ತೊಂದರೆಗೆ ನಾನೇ ಒಂದು ಉಪಾಯ ಕಂಡುಹಿಡಿದಿದ್ದೆ. ನಮ್ಮ ಗಂಡಸರು ನಾಚದೆ ಪಟಕಾ ತೆಗೆಯುವ ಜಾಗ ಒಂದೇ, ಕ್ಷೌರದವರ ಮುಂದೆ. ಸಂತೆಯ ದಿನ ಹೊಳೆಯ ದಾರಿಯ ಆಲದ ಮರದ ಕೆಳಗೆ ಐದಾರು ಜನ ಕ್ಷೌರದವರು ಸಾಲಾಗಿ ಕೂಡುತ್ತಾರೆ. ಅವರ ಪಕ್ಕದಲ್ಲೇ ನಮ್ಮ ಮೇಜು ಹಾಕಿದೆವು. ಕ್ಷೌರ ಮುಗಿದ ತಲೆ ನುಣ್ಣಗೆ ಎದ್ದು ಬರುತ್ತಿತ್ತು, ಪಟಕಾ ಸುತ್ತುವ ಮೊದಲೇ ಪ್ರೊಫೆಸರರು ಇಕ್ಕಳ ಹಚ್ಚುತ್ತಿದ್ದರು. ಅದಕ್ಕೆಂದೇ ಹುಟ್ಟಿದವರಂತೆ ಜನ ನಗುತ್ತ ನಿಂತು ಅಳೆಸಿಕೊಂಡರು. ನನ್ನ ಮೈದುನ ನೇಮಣ್ಣ ಅಂಗಡಿ ಬಿಟ್ಟು ಬಂದು ಜನರನ್ನು ಕರೆತರುತ್ತಿದ್ದ. ನಾನು ಬರೆದೇ ಬರೆದೆ. ಎಂಬತ್ತೈದು, ಎಂಬತ್ತಾರು, ಎಂಬತ್ತೈದು. ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರು, ಕನ್ನಡ ಮಾತಾಡುವವರು, ಮರಾಠಿ ಮಾತಾಡುವವರು, ಎರಡನ್ನೂ ಕಲಸಿ ಮಾತಾಡುವವರು, ಎಲ್ಲರದೂ ದುಂಡು, ಎಲ್ಲರದೂ ಒಂದೇ. ಪ್ರೊಫೆಸರರ ಮುಖ ಕೆಂಪೇರಿತು. "ಇಷ್ಟು ಬೇರೆ ಬೇರೆ ಜನ, ಒಂದೇ ತಲೆ! ಇವರೆಲ್ಲ ಒಂದೇ ಮೂಲದವರು, ಸ್ವಾಮಿ. ಘಟ್ಟ ಹತ್ತಿ ಬಂದವರೋ, ಹೊಳೆಯ ದಂಡೆ ಹಿಡಿದು ಬಂದವರೋ ನೋಡಬೇಕು" ಎಂದು ಮರದ ಸುತ್ತ ಒಂದು ಸುತ್ತು ನಡೆದು ಬಂದರು.

ಮಧ್ಯಾಹ್ನದ ಹೊತ್ತಿಗೆ ತೊಡಕು ಶುರುವಾಯಿತು. ಪಾರಿಶ್ವಾಡದಿಂದ ಸಂತೆಗೆ ಬಂದ ರೈತರ ತಲೆಗಳು ದುಂಡಾಗಿರಲಿಲ್ಲ. ಅದು ಬೇರೆ ಊರು, ಇರಲಿ ಎಂದರೆ, ಖಾನಾಪುರದವರೇ ಆದ ಹಿರಿಯರ ತಲೆಗಳೂ ಒಂದೊಂದು ಒಂದೊಂದು ತರಹ. ಪ್ರೊಫೆಸರರು ನನ್ನ ಪಟ್ಟಿಯನ್ನು ಮುಂದಿಟ್ಟುಕೊಂಡು ವಯಸ್ಸು ನೋಡಿದರು. ನಲವತ್ತರ ಕೆಳಗಿನವರೆಲ್ಲ ದುಂಡು. ನಲವತ್ತು ದಾಟಿದವರಲ್ಲಿ ಅದರ ಸುಳಿವಿಲ್ಲ. ಅಪ್ಪನದು ಒಂದು ಆಕಾರ, ಮಗನದು ಇನ್ನೊಂದು. ಅವರು ಪೆನ್ಸಿಲ್ ಕಚ್ಚಿಕೊಂಡು ಬಹಳ ಹೊತ್ತು ಕೂತು, ಕೊನೆಗೆ ಪಕ್ಕದಲ್ಲಿ ಕತ್ತಿ ಮಸೆಯುತ್ತಿದ್ದ ಮುದುಕ ಕ್ಷೌರದವನನ್ನು ಕೇಳಿದರು: "ಯಜಮಾನರೇ, ನಲವತ್ತು ವರ್ಷದ ಹಿಂದೆ ಈ ಊರಿಗೆ ಹೊರಗಿನಿಂದ ಯಾರಾದರೂ ಬಂದರೇ? ಹೊಸ ಜನ?"

ಮುದುಕ ಕತ್ತಿಯನ್ನು ಅಂಗೈಯ ಮೇಲೆ ಒರೆಸಿ ಯೋಚಿಸಿದ. "ಹೊಸ ಮಂದಿ ಅಂದ್ರ... ಯಾರೂ ಬಂದಿಲ್ಲರಿ. ಕುಂಬಾರರ ಮನೀಗೆ ಗಂಗವ್ವ ಸೊಸಿಯಾಗಿ ಬಂದ್ಳು ನೋಡ್ರಿ, ಆಗ."

ಕ್ಷೌರಕ್ಕೆ ಕೂತವರೂ ಮಾಡುವವರೂ ಎಲ್ಲ ಒಂದೇ ಸಲ ನನ್ನ ಕಡೆ ನೋಡಿದರು. ನಾನು ಪಟ್ಟಿಯ ಮೇಲೆ ಬಾಗಿ ಬರೆದದ್ದನ್ನೇ ಮತ್ತೆ ಬರೆದೆ. ನೇಮಣ್ಣ ಪ್ರೊಫೆಸರರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ: ಯಾರು ಗಂಗವ್ವ, ಏನು ಅವಳ ಕೆಲಸ, ಈಗೇಕೆ ಮನೆಯಲ್ಲಿ ಕೂತಿದ್ದಾಳೆ. ಹೇಳುವಾಗ ನನ್ನ ಕಾಗದದ ಮಾತು ಬಂದಲ್ಲಿ ಸ್ವಲ್ಪ ಕೆಮ್ಮಿದ. ಪ್ರೊಫೆಸರರು ನನ್ನನ್ನು ಬೈಯಲಿಲ್ಲ. "ನಡೀರಿ, ಆಕೆಯನ್ನು ನೋಡಬೇಕು" ಎಂದು ಇಕ್ಕಳವನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಎದ್ದೇಬಿಟ್ಟರು. ಅರ್ಧ ಕ್ಷೌರವಾದವರನ್ನು ಬಿಟ್ಟು ಉಳಿದವರು ನಮ್ಮ ಹಿಂದೆ ಹೊರಟರು.

ಗಂಗವ್ವನ ಮನೆ ಸಂತೆಗೆ ಹೋಗುವ ದಾರಿಯಲ್ಲೇ ಇತ್ತು. ಮುಂದಿನ ಕಟ್ಟೆಯ ಮೇಲೆ ಕೆಂಪು ಮಣ್ಣಿನ ಹಸಿ ಗಡಿಗೆಗಳು ಒಣಗುತ್ತಿದ್ದವು. ಅವುಗಳ ನಡುವೆ ಒಬ್ಬ ಸಣಕಲು ಮುದುಕಿ, ಅವಳ ಎದುರಿಗೆ, ನೋಡಿದರೆ, ನಮ್ಮ ಅವ್ವ! ಮೊಮ್ಮಗಳಿಗೆ ಎರೆಯಲು ಬಾ ಎಂದು ತಾನೇ ಕರೆಯಲು ಬಂದಿದ್ದಾಳೆ, ಆಕೆ ಒಲ್ಲೆನೆನ್ನುತ್ತಿದ್ದಾಳೆ. ಇಷ್ಟು ಜನ ಒಮ್ಮೆಲೆ ಬಂದದ್ದನ್ನು ಕಂಡು ಗಂಗವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಪ್ರೊಫೆಸರರ ಕೋಟು ನೋಡಿ ಇವರೇ ಸರಕಾರ ಎಂದುಕೊಂಡಳೆಂದು ಕಾಣುತ್ತದೆ.

"ನಾ ಏನ್ ತಪ್ಪ ಮಾಡೇನ್ರೀ ಯಪ್ಪಾ?" ಎಂದಳು. "ನಲವತ್ತ ವರ್ಷ ಆತು. ಈ ಕಾಲ ಮ್ಯಾಲಿಂದ ಒಂದ ಕೂಸ ಜಾರಿಲ್ಲ. ಒಂದರ ಕಿವ್ಯಾಗ ನೀರ ಹೋಗಿಲ್ಲ. ಈಗ ಮಂದಿ ನನ್ನ ನೋಡಿ ಕೂಸಿನ ಮ್ಯಾಲ ಸೆರಗ ಮುಚ್ಚತಾರ್ರೀ. ಹಂಗ್ಯಾಕ ಮಾಡಿದ್ರಿ?" ಮಾತಾಡುವಾಗ ಅವಳ ಎರಡು ಕೈಗಳು ಏನೋ ಸಿಗಬಹುದೆಂಬಂತೆ ಗಾಳಿಯಲ್ಲಿ ಆಡುತ್ತಿದ್ದವು. ಅದನ್ನು ನೋಡಲಾರದೆ ನಾನು ಗಡಿಗೆಗಳ ಕಡೆ ನೋಡಿದೆ.

ಪ್ರೊಫೆಸರರು ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ಕೂತರು. "ತಪ್ಪು ನಿಮ್ಮದಲ್ಲ ತಾಯಿ, ನಮ್ಮದು. ನಾನು ಕಲಿಯೋಕೆ ಬಂದಿದೀನಿ. ಕೂಸಿನ ತಲೆ ದುಂಡಗೆ ಯಾಕೆ ಮಾಡ್ತೀರಿ?"

ಇಷ್ಟು ಸರಳ ಪ್ರಶ್ನೆಯನ್ನು ಓದಿದವರು ಕೇಳಿದರಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. "ಗಂಡ ಕೂಸಿಗೆ ಪಟಕಾ ಕೂಡ್ರಬೇಕು, ಹೆಣ್ಣ ಕೂಸಿಗೆ ಕೊಡಾ ಕೂಡ್ರಬೇಕು. ಮತ್ಯಾಕ್ರೀ?"

ನನ್ನ ಕೈ ತಾನಾಗಿಯೇ ನನ್ನ ಪಟಕಾದ ಕಡೆ ಹೋಯಿತು. ಅದು ಎಂದಿನಂತೆ ಕುತ್ತಿಗೆಯ ಮೇಲಿತ್ತು.

"ನೀವು ಮಾಡಿದ ತಲೆ ನಿಮಗೆ ಗುರುತು ಸಿಗುತ್ತಾ?" ಎಂದು ಪ್ರೊಫೆಸರರು ಕೇಳಿದರು. ಗಂಗವ್ವ ಮೊದಲ ಸಲ ನಕ್ಕಳು. ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಒಬ್ಬೊಬ್ಬರಾಗಿ ಪಟಕಾ ತೆಗೆದು ಅವಳ ಮುಂದೆ ಕೂತರು, ಯಾರೂ ಬಾಯಿ ಬಿಡಬಾರದು. ಅವಳ ಬೆರಳು ಮೊದಲ ತಲೆಯ ಮೇಲೆ ಓಡಾಡಿದವು. "ಇದು ನೇಮಣ್ಣಂದು. ಎಡಕ ಜರಾ ಚಪ್ಪಟ ಉಳದೈತಿ. ಅವರವ್ವಗ ಜ್ವರಾ ಬಂದಿತ್ತು, ವಾರಗಟ್ಟಲೆ ನನ್ನ ಕರೀಲಿಲ್ಲ." ಎರಡನೆಯದು: "ದರ್ಜಿ ಹುಸೇನ. ಎರಿಯೂ ಮುಂದ ಕಚ್ಚತಿದ್ದ, ಹಲ್ಲ ಬರೂಕಿಂತ ಮದಲ!" ಬಿಳಿ ಮೀಸೆ ಬರಲು ಶುರುವಾದ ಹುಸೇನ ಕೈಯಿಂದ ಬಾಯಿ ಮುಚ್ಚಿಕೊಂಡ. ಮೂರನೆಯದು: "ಇಂವಾ ನಮ್ಮ ಊರಾಂವ ಅಲ್ಲ. ಪಾರಿಶ್ವಾಡದ ಕಡ್ಯಾವ. ಅಲ್ಲಿ ಎರಿಯಾಕಿ ಕೈ ಭಾಳ ಹಗೂರ." ಆ ರೈತ ಗಾಬರಿಯಾಗಿ ಎದ್ದು ನಿಂತ. ಜನ ಹೋ ಎಂದು ನಕ್ಕರು. ಆಗ ನನಗೆ ಯಾವ ದೆವ್ವ ಹೊಕ್ಕಿತೋ, ಇವಳು ಏನಾದರೂ ಹೇಳಲಿ, ನನ್ನ ಎಪ್ಪತ್ತೆರಡರ ಮುಂದೆ ತಬ್ಬಿಬ್ಬಾಗಲಿ ಎಂದು ಪಟಕಾ ತೆಗೆದು ಮುಂದೆ ಕೂತೆ.

ಗಂಗವ್ವನ ಬೆರಳು ನನ್ನ ಹಣೆಯಿಂದ ಹಿಂದಕ್ಕೆ ಹೋದವು, ಕಿವಿಯ ಮೇಲೆ ನಿಂತವು, ಮತ್ತೆ ಮುಂದೆ ಬಂದವು. ನಗು ನಿಂತಿತು. "ಇದು ಯಾರ ಕೈದೂ ಅಲ್ಲ" ಎಂದಳು ಮೆಲ್ಲಗೆ. "ಈ ಕೂಸಿಗೆ ಯಾರೂ ಎರದಿಲ್ಲ. ಎರಡೂ ಕಡೆ ಬಿಗಿ ಆಗೂ ಹಂಗ ಎಲ್ಯೋ ಹಾಕಿ ಬಿಟ್ಟಾರ. ಎತ್ತಿಕೊಳ್ಳಾಕ ಮನ್ಯಾಗ ಯಾರೂ ಇದ್ದಿದ್ದಿಲ್ಲೇನ? ಪಾಪ."

"ಖರೇ ಐತಿ" ಎಂದು ಅವ್ವನ ದನಿ ಬಂತು. ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗಂಗವ್ವನಿಗೆ ಹೇಳುತ್ತಿದ್ದಳು. "ಪ್ಲೇಗ ಬಂದ ಊರ ಬಿಟ್ಟ ಹೊಲದಾಗ ಗುಡಸಲಾ ಹಾಕಿದ್ವಿ ತಂಗಿ. ಇಂವಾ ಹುಟ್ಟಿದ ಮೂರನೇ ದಿನಕ್ಕ ನನಗ ಜ್ವರಾ. ಪ್ಲೇಗ ಅಂತ ಹೆದರಿ ಯಾರೂ ಗುಡಸಲದ ಹತ್ರ ಬರಲಿಲ್ಲ. ಇವರಪ್ಪ ಆಕಳ ಹಾಲ ಕುಡಿಸಿ, ವೀಳ್ಯದೆಲಿ ಬುಟ್ಟಿ ಒಂದಿತ್ತು, ಅದರಾಗ ಅರಬಿ ಹಾಸಿ ಮಲಗಿಸಿ ನನ್ನ ನೋಡಿಕೊಳ್ಳಾವ್ರು. ಎರಡ ತಿಂಗಳ ಅದರಾಗ ಇತ್ತು ಕೂಸು. ಬುಟ್ಟಿ ಉದ್ದಂದು. ಅಗಲ ಇದ್ದಿದ್ದಿಲ್ಲ."

ಸಾವಿರಾರು ವರ್ಷದ ಕುದುರೆ, ತಾಳೆಗರಿ, ಬೆಟ್ಟದ ಸಾಲು ಎಲ್ಲ ಹೋಗಿ ಆ ಜಾಗದಲ್ಲಿ ಒಂದು ಎಲೆಯ ಬುಟ್ಟಿ ಉಳಿಯಿತು. "ಮನ್ಯಾಗ ಯಾಕ ಹೇಳಲಿಲ್ಲವ್ವಾ?" ಎಂದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟ ಖುಷೀಲೆ ಬಂದಿದ್ದಿ. ಹೆತ್ತಾಕಿ ನಾ, ಎರೀಲಿಲ್ಲಪಾ ನಿನಗ ಅಂತ ಯಾ ಬಾಯಿಲೆ ಹೇಳ್ಲಿ?" ನಾನು ಪಟಕಾ ಸುತ್ತತೊಡಗಿದಾಗಿನಿಂದ ಅದು ಜಾರುವುದನ್ನು ಅವಳು ದಿನವೂ ನೋಡಿಕೊಂಡು ಬಂದಿದ್ದಳು. ಪ್ರೊಫೆಸರರು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. "ಅಳೆಯೋ ಮುಂಚೆ ಎರೆಯೋರನ್ನ ಕೇಳಬೇಕಿತ್ತು" ಎಂದರು, ಅಷ್ಟೇ.

ನಾನು ಕೂತಲ್ಲಿಂದಲೇ ಗಂಗವ್ವನಿಗೆ ಕೈಮುಗಿದೆ. "ತಪ್ಪಾತು ಗಂಗವ್ವಾ. ಸರಕಾರ ಏನೂ ಹೇಳಿಲ್ಲ, ಎಲ್ಲಾ ನಾನ ಬರದದ್ದು. ಕೂಸಿಗೆ ಎರಿಯಾಕ ಬಾ."

"ಬರತೀನ್ರೀ ಅಳಿಯಪ್ಪಾರ, ನಿಮ್ಮ ಕೂಸೇನ್ ಪಾಪ ಮಾಡೇತಿ? ಆದ್ರ ಉಳದ ಮನಿಯವರಿಗೆ ಯಾರ್ ಹೇಳಾವ್ರು?"

"ಇನ್ನೊಂದ ಕಾಗದಾ ಬರೀತೀನಿ" ಎಂದೆ. ಕಟ್ಟೆಯ ಸುತ್ತ ನಿಂತವರೆಲ್ಲ ಒಟ್ಟಿಗೆ "ಬ್ಯಾಡ್ರೀ!" ಎಂದರು. ಅವ್ವ ಮುಂದೆ ಬಂದಳು. "ಕಾಗದಾ ಸಾಕು ಮಾಡು. ಕಟ್ಟಿ ಮ್ಯಾಲ ಕುಂದರು, ದಾರಿ ಕಡೆ ಮಾರಿ ಮಾಡು. ಗಂಗವ್ವಾ, ಎಣ್ಣಿ ತಗೊಂಡ ಬಾ. ಸರಕಾರದಾವನ ತಲೀನ ನೀ ತಿಕ್ಕೂದು ಮಂದಿ ಕಣ್ಣಲೆ ನೋಡ್ಲಿ."

ಹೀಗೆ ಸಂತೆಯಿಂದ ಇಡೀ ತಾಲೂಕು ಮನೆಗೆ ಮರಳುವ ಹೊತ್ತಿನಲ್ಲಿ, ಒಬ್ಬ ಸರಕಾರಿ ಕಾರಕೂನ ಗಡಿಗೆಗಳ ನಡುವೆ ಬರಿದಲೆಯಲ್ಲಿ ಕೂತ. ಗಂಗವ್ವ ಒಂದು ಚೆಂಬು ಔಡಲೆಣ್ಣೆಯನ್ನು ನಡುನೆತ್ತಿಗೆ ಸುರಿದು ಎರಡೂ ಕೈಯಿಂದ ಒತ್ತತೊಡಗಿದಳು. ಆ ಕೈಗಳಲ್ಲಿ ಅಷ್ಟು ಬಲವಿದ್ದೀತೆಂದು ಯಾರೂ ಹೇಳಿರಲಿಲ್ಲ. ಜನ ನಿಂತು ನೋಡಿದರು, ನಕ್ಕರು, ಕರೆದು ಬೇರೆಯವರಿಗೂ ತೋರಿಸಿದರು. ಕೊಡ ಹೊತ್ತು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು, "ಗಂಗವ್ವಾ, ನಾಳೆ ನಮ್ಮನಿಗೂ ಬಾ ಮತ್ತ" ಎಂದಳು. ಅವಳ ಹಿಂದೆ ಇನ್ನೊಬ್ಬಳು, "ನಮ್ಮನಿಗೆ ಮದಲ" ಎಂದಳು. ನನ್ನ ತಲೆಯ ಮೇಲಿನ ಕೈಗಳು ಆ ಮಾತಿಗೆ ಒಂದು ಗಳಿಗೆ ನಿಂತು ಮತ್ತೆ ಒತ್ತಿದವು.

"ಗಂಗವ್ವಾ, ಏನರ ಬಗ್ಗತೈತೇನು?" ಎಂದು ಮೆಲ್ಲಗೆ ಕೇಳಿದೆ.

"ಎಲ್ಲೀದ್ರೀ, ಸುಟ್ಟ ಗಡಿಗಿ ಇದು, ಇನ್ನೇನ್ ಬಗ್ಗತೈತಿ?" ಎಂದಳು. ಮತ್ತಷ್ಟು ಎಣ್ಣೆ ಸುರಿದು, "ಇರ್ಲಿ. ಅವತ್ತ ಯಾರೂ ಒತ್ತಿಲ್ಲ, ಇವತ್ತರ ಒತ್ತತೀನಿ" ಎಂದಳು.

ಔಡಲೆಣ್ಣೆ ಕಣ್ಣಿಗೆ ಇಳಿಯುವುದೆಂದರೆ ಸಾಮಾನ್ಯವಲ್ಲ. ನನ್ನ ಎರಡೂ ಕಣ್ಣುಗಳಿಂದ ಧಾರಾಕಾರ ಸುರಿಯತೊಡಗಿತು. ಎಣ್ಣೆಯಿಂದಲೇ ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಅಷ್ಟರಲ್ಲಿ ದೂರದ ಹಳ್ಳಿಯ ಒಬ್ಬ ಮುದಿ ರೈತ, ಈ ಕಥೆ ಯಾವುದೂ ಗೊತ್ತಿಲ್ಲದವನು, ಕಟ್ಟೆಯ ಮುಂದೆ ಬಂಡಿ ನಿಲ್ಲಿಸಿದ. ಬರಿದಲೆ ನೋಡಿದ, ಸುರಿಯುವ ಕಣ್ಣು ನೋಡಿದ, ಸುತ್ತ ನಿಂತ ಜನರನ್ನು ನೋಡಿದ. ಬಂಡಿಯಿಂದ ಇಳಿದು ಬಂದು, "ಯಾರ ಹ್ವಾದ್ರಪಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ನಮ್ಮ ವಂಶದ ಮೂಲಪುರುಷರ್ರೀ" ಎಂದೆ.

"ಪಾಪ. ಭಾಳ ವಯಸ್ಸಾಗಿತ್ತೇನು?"

"ಸಾವಿರಾರು ವರ್ಷ ಆಗಿತ್ರೀ."

ಅವನು ಸ್ವಲ್ಪವೂ ಬೆಚ್ಚಲಿಲ್ಲ. ನನ್ನ ಎಣ್ಣೆಯ ಹೆಗಲ ಮೇಲೆ ಕೈಯಿಟ್ಟು, "ಹಂಗಿದ್ರ ಅಳಬ್ಯಾಡಪಾ, ಪುಣ್ಯಾ ಮಾಡಿದ್ರು. ಅಷ್ಟ ವಯಸ್ಸಾದ ಮ್ಯಾಲ ಇದ್ದರ ಏನ್ ಮಾಡತಿದ್ರು, ನಿನ್ನ ತಲಿ ಮ್ಯಾಲ ಕುಂತಿರತಿದ್ರು ಅಷ್ಟ" ಎಂದು ಸಮಾಧಾನ ಹೇಳಿ, ಬಂಡಿ ಹತ್ತಿ ಹೋದ.